ಮಂದೆ ನಿಲ್ಲದ ಅಂಗಳ

ಚಿತ್ರದುರ್ಗದ ಮನೆಯ ಮುಂದಿದ್ದ ಹುಲ್ಲುಹಾಸನ್ನು ನಾನೇ ಕಿತ್ತೆ. ಆಳು ಕರೆಯಲಿಲ್ಲ. ಸಣ್ಣ ಗುದ್ದಲಿಯಿಂದ ಅಂಚು ಎಬ್ಬಿಸಿ, ಕಂಬಳಿ ಸುತ್ತುವ ಹಾಗೆ ಸುತ್ತುತ್ತಾ ಹೋದರೆ ಅದು ಚಾಪೆಯಂತೆ ಎದ್ದು ಬರುತ್ತಿತ್ತು. ಬೇರು ಬೆರಳುದ್ದವೂ ಇಳಿದಿರಲಿಲ್ಲ. ಅಷ್ಟು ವರ್ಷ ನೀರು ಕುಡಿದ ಹುಲ್ಲು ಈ ನೆಲದ ಮೇಲೆ ಕೂತಿತ್ತೇ ಹೊರತು ನೆಲದೊಳಕ್ಕೆ ಹೋಗಿರಲಿಲ್ಲ.

ಎದುರು ಮನೆಯ ಟೀಚರಮ್ಮ ಸ್ಕೂಲಿಗೆ ಹೊರಟವರು ಗೇಟಿನ ಹತ್ತಿರ ನಿಂತರು.

"ಏನ್ರಿ ಇದು, ಬಂಗಾರದಂಥ ಲಾನು! ಯಜಮಾನ್ರು ಇದ್ದಿದ್ರೆ ಕೀಳಾಕೆ ಬಿಡ್ತಿದ್ರಾ?"

"ಬಿಡ್ತಿದ್ರು," ಅಂದೆ.

"ಏನು ಹಾಕ್ತೀರಿ ಮತ್ತೆ?"

"ತಂಗಡಿ, ತುಂಬೆ, ಕರಡದ ಹುಲ್ಲು. ಮೂಲೆಗೊಂದು ಬಾರೆ ಹಣ್ಣಿನ ಗಿಡ."

"ಅಯ್ಯೋ, ಅವು ಬೈಪಾಸ್ ಬದಿಗೆ ಪುಗಸಟ್ಟೆ ಬೆಳೀತಾವಲ್ರಿ! ಅದಕ್ಕೆ ಕಾಂಪೌಂಡ್ ಯಾಕೆ, ಗೇಟ್ ಯಾಕೆ?" ಎಂದು ನಗುತ್ತಾ ಹೋದರು.

ಬೋರು ಬತ್ತಿದೆ, ಟ್ಯಾಂಕರ್ ನೀರು ಹುಲ್ಲಿಗೆ ಹಾಕಲು ಮನಸ್ಸಾಗಲಿಲ್ಲ ಎಂದು ಕೇಳಿದವರಿಗೆಲ್ಲ ಹೇಳಿದೆ. ಅದು ಸುಳ್ಳಲ್ಲ. ಈ ಊರಿನ ಬಿಸಿಲಿಗೆ, ಗಾಳಿಗೆ, ಒಂದು ದಿನ ನೀರು ತಪ್ಪಿದರೆ ಆ ಹುಲ್ಲು ಸುಟ್ಟ ಬಟ್ಟೆಯ ಬಣ್ಣಕ್ಕೆ ತಿರುಗುತ್ತಿತ್ತು. ಆದರೆ ನಾನು ಕಿತ್ತಿದ್ದು ಅದಕ್ಕಲ್ಲ. ಈ ಮನೆ ಕಟ್ಟಿದಾಗಿನಿಂದ ನನ್ನ ತಮ್ಮ ಗೇಟು ದಾಟಿ ಒಳಗೆ ಬಂದಿರಲಿಲ್ಲ. ಅದಕ್ಕೆ ಕಾರಣ ನನ್ನ ಗಂಡ ಎಂದು ಅವನು ತಿಳಿದಿದ್ದ. ಕಾರಣ ನಾನು. ಗಂಡ ಹೋದ ಮೇಲೂ ಆ ಮಾತನ್ನು ನಾನು ತಿದ್ದಿರಲಿಲ್ಲ. ಈಗ ಬರೆಯುತ್ತಿದ್ದೇನೆ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಕ್ಷರದ ತಪ್ಪುಗಳನ್ನು ಟೀಚರಮ್ಮ ತಿದ್ದಿಕೊಟ್ಟಿದ್ದಾರೆ. ಉಳಿದ ತಪ್ಪು ನನ್ನದೇ.

ನಮ್ಮದು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ಕಡೆಯ ಕುರಿ ಸಾಕುವ ಮನೆ. ತಮ್ಮ ನನ್ನ ಸೊಂಟದ ಮೇಲೆ ಬೆಳೆದವನು. ಅವ್ವ ಕೂಲಿಗೆ ಹೋದರೆ ಅವನನ್ನು ಎತ್ತಿಕೊಂಡು ನಾನು ಕುರಿಯ ಹಿಂದೆ ಹೋಗುತ್ತಿದ್ದೆ. ಅವನು ನಡೆಯಲು ಕಲಿತದ್ದೂ ಕುರಿಗಳ ನಡುವೆಯೇ. ಬೀಳುವ ಹಾಗಾದರೆ ಕೈಗೆ ಸಿಕ್ಕ ಕುರಿಯ ಉಣ್ಣೆ ಹಿಡಿದುಕೊಳ್ಳುತ್ತಿದ್ದ, ಕುರಿ ಓಡಿದರೆ ಅದರ ಜೊತೆಗೇ ಓಡುತ್ತಿದ್ದ.

ಒಮ್ಮೆ ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ಕಂಬಳಿ ಮಾರಲು ದುರ್ಗಕ್ಕೆ ಬಂದಿದ್ದಳು. ಯಾವುದೋ ಸಾಹೇಬರ ಬಂಗಲೆ. ಗೇಟು ತೆರೆದಿತ್ತು, ಒಳಗೆ ಹೆಜ್ಜೆಯಿಟ್ಟೆವು. ವರಾಂಡದಲ್ಲಿ ನಿಂತಿದ್ದ ಅಮ್ಮಾವರು, "ಹುಲ್ಲು ತುಳೀಬೇಡ್ರಿ, ಸುತ್ತಿ ಬರ್ರಿ," ಎಂದು ಕೂಗಿದರು. ಅಂಥ ಹುಲ್ಲನ್ನು ನಾವು ಕಂಡಿರಲಿಲ್ಲ. ಒಂದು ಕಡ್ಡಿ ಮೇಲಿಲ್ಲ, ಒಂದು ಕೆಳಗಿಲ್ಲ, ಒಂದು ಹೂವಿಲ್ಲ.

"ಅಕ್ಕ, ಇದನ್ನ ಯಾವ ಕುರಿ ತಿಂತಾವೆ?" ಎಂದು ತಮ್ಮ ಕೇಳಿದ.

"ಯಾವೂ ತಿನ್ನಲ್ಲ ಕಣೋ. ನೋಡಾಕೆ ಐತೆ."

"ಹುಲ್ಲು ನೋಡಾಕಾ?"

ಬಸ್ ಸ್ಟ್ಯಾಂಡಿನವರೆಗೂ ಅವನು ನಗುತ್ತಾ ಬಂದ. ನಾನು ನಗಲಿಲ್ಲ. ಆ ಅಮ್ಮಾವರ ಜಾಗದಲ್ಲಿ ನಿಂತು ನೋಡಿದರೆ ಹೇಗಿರುತ್ತದೆ ಎಂದು ಯೋಚಿಸುತ್ತಿದ್ದೆ.

ನನ್ನನ್ನು ದುರ್ಗಕ್ಕೇ ಕೊಟ್ಟರು. ಗಂಡನದು ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತಿ ರಿಪೇರಿ ಮಾಡುವ ಅಂಗಡಿ. ಕೈತುಂಬ ಕೆಲಸ, ಬಾಯಿತುಂಬ ಹರಟೆ. ಮಕ್ಕಳಾಗಲಿಲ್ಲ. ಹೊಸ ಬಡಾವಣೆಯಲ್ಲಿ ಅಕ್ಕಪಕ್ಕದ ಎರಡು ಸೈಟು ಕೊಂಡು ಒಂದರಲ್ಲಿ ಮನೆ ಕಟ್ಟಿದರು, ಇನ್ನೊಂದನ್ನು ಅಂಗಳಕ್ಕೆ ಬಿಟ್ಟರು. "ಎರಡು ತೆಂಗು, ಒಂದು ಮಲ್ಲಿಗೆ ಬಳ್ಳಿ ಹಾಕಾಣ," ಎಂದರು. ನಾನು ಹಟ ಹಿಡಿದೆ. ಲಾನೇ ಬೇಕು. ಕೊನೆಗೆ ಲಾರಿಯ ಮೇಲೆ ಸುರುಳಿ ಸುರುಳಿಯಾಗಿ ಹುಲ್ಲು ಬಂತು. "ಕುರಿ ಕಾಯೋರ ಮಗಳು ಹುಲ್ಲು ಕಾಯಾಕೆ ನಿಂತ್ಲು," ಎಂದು ಅವರು ಅಂಗಡಿಯಲ್ಲೆಲ್ಲ ಹೇಳಿಕೊಂಡು ನಕ್ಕರಂತೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಹೊಲದವರು ಕುರಿಗಾರರನ್ನು ಕರೆದು ರಾತ್ರಿ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಬೆಳಗಾಗುವಷ್ಟರಲ್ಲಿ ಹಿಕ್ಕೆ, ಗಂಜಲದಿಂದ ಮಣ್ಣು ಜೀವ ಹಿಡಿಯುತ್ತದೆ. ಅದಕ್ಕೆ ಮಂದೆ ನಿಲ್ಲಿಸುವುದು ಅನ್ನುತ್ತೇವೆ. ಹೊಲದವರು ಅದಕ್ಕೆ ಕಾಳು ಕೊಡುತ್ತಾರೆ. ಆದರೆ ಮನೆಯ ಹೆಣ್ಣುಮಗಳು ಹೊಸ ಜಾಗದಲ್ಲಿ ಒಕ್ಕಲಾದರೆ ತವರಿನವರು ಕರೆಸಿಕೊಳ್ಳದೆಯೇ ಹೋಗಿ ಆ ಮಣ್ಣಿನ ಮೇಲೆ ಒಂದು ರಾತ್ರಿ ಮಂದೆ ನಿಲ್ಲಿಸಬೇಕು. ಸೀರೆ ಕೊಡಲಿ ಬಿಡಲಿ, ಅದೇ ಮುಯ್ಯಿ. ನಮ್ಮ ಅವ್ವನ ಹೊಸ ಮನೆಗೆ ಅವಳ ಅಣ್ಣಂದಿರು ಹಾಗೆ ಬಂದಿದ್ದರಂತೆ. ಅದನ್ನು ಅವಳು ಸಾಯುವವರೆಗೂ ಹೇಳಿಕೊಂಡಳು.

"ಒಕ್ಕಲಾಗೋ ದಿನಕ್ಕೆ ಬರಾಕಾಗಲ್ಲಕ್ಕ. ಮಂದೆ ಹೊಡ್ಕಂಡು ಹಿಂದಿನಿಂದ ಬರ್ತೀನಿ," ಎಂದು ತಮ್ಮ ಫೋನಿನಲ್ಲಿ ಹೇಳಿದ್ದ. ಬಾಯಿಮಾತು ಅಂದುಕೊಂಡೆ. ಹರಿಯಬ್ಬೆ ಎಲ್ಲಿ, ದುರ್ಗ ಎಲ್ಲಿ. ಕುರಿ ನಡೆಸಿಕೊಂಡು ಯಾರು ಬರುತ್ತಾರೆ?

ಅವನು ಬಂದ. ಒಕ್ಕಲಾಗಿ ಆಗಲೇ ಕೆಲವು ದಿನ ಕಳೆದಿದ್ದವು. ಅವತ್ತು ಸಂಜೆ ಬಡಾವಣೆಯ ಹೆಂಗಸರನ್ನು ಕುಂಕುಮಕ್ಕೆ ಕರೆದಿದ್ದೆ. ಹುಲ್ಲಿನ ಮೇಲೆ ಕುರ್ಚಿ ಹಾಕಿಸಿದ್ದೆ. ಮಧ್ಯಾಹ್ನ ಇಳಿಯುತ್ತಿದ್ದಂತೆ ದೂರದಲ್ಲಿ ಗಂಟೆ ಸದ್ದು ಕೇಳಿಸಿತು, ಧೂಳು ಕಾಣಿಸಿತು. ಎಲ್ಲಕ್ಕಿಂತ ಮುಂಚೆ ವಾಸನೆ ಬಂತು. ಹುಟ್ಟಿದಾಗಿನಿಂದ ಮೂಗಿನಲ್ಲಿದ್ದ ಆ ವಾಸನೆ ನನಗೆ ಅವತ್ತು ಮೊದಲ ಸಲ ವಾಸನೆ ಅನ್ನಿಸಿತು.

ಗೇಟಿಗೆ ಬೀಗ ಹಾಕಿದೆ. ಹುಲ್ಲಿಗೆ ನೀರು ಬಿಡುತ್ತಿದ್ದ ಆಳಿಗೆ, "ಯಜಮಾನ್ರು ಬ್ಯಾಡ ಅಂದವ್ರೆ ಅನ್ನು. ಅಮ್ಮಾವ್ರು ಮನೇಲಿಲ್ಲ ಅನ್ನು," ಎಂದು ಹೇಳಿ ಒಳಗೆ ಹೋದೆ. ಗಂಡ ಅಂಗಡಿಯಲ್ಲಿದ್ದರು. ಅವರಿಗೆ ಇದರ ಸುಳಿವೂ ಇರಲಿಲ್ಲ.

ಅಡುಗೆಮನೆಯ ಕಿಟಕಿಯಲ್ಲಿ ಎಲ್ಲ ಕೇಳುತ್ತಿತ್ತು.

"ಭಾವ ಹಂಗಂದ್ರಾ?" ತಮ್ಮನ ದನಿ.

"ಹೂಂ ಕಣಪ್ಪ. ಹೊಸ ಹುಲ್ಲು, ಹಾಳಾಗ್ತೈತೆ ಅಂತ."

ಆಮೇಲೆ ಅವನೇ ಹೇಳಿದ: "ಆಗ್ಲಿ ಬಿಡ್ರಿ. ಮರಿಗಳಿಗೆ ಒಂದಿಷ್ಟು ನೀರು ಬಿಡ್ತೀರಾ? ಬಾಳ ನಡೆದಾವೆ."

ಆಳು ಹುಲ್ಲಿಗೆ ಬಿಡುತ್ತಿದ್ದ ಪೈಪನ್ನೇ ಗೇಟಿನ ಸಲಾಕೆಯ ನಡುವೆ ತೂರಿಸಿದ. ತಮ್ಮ ಬೊಗಸೆಯೊಡ್ಡಿ ಮರಿಗಳಿಗೆ ಕುಡಿಸಿದ. ಆಮೇಲೆ ಎದುರಿಗಿದ್ದ ಖಾಲಿ ಸೈಟಿನಲ್ಲಿ ಮಂದೆ ನಿಲ್ಲಿಸಿದ. ಅಷ್ಟು ದೂರ ನಡೆದು ಬಂದ ಕುರಿಗಳನ್ನು ಆ ಹೊತ್ತಿನಲ್ಲಿ ತಿರುಗಿಸಿಕೊಂಡು ಹೋಗುವ ಹಾಗಿರಲಿಲ್ಲ.

ಸಂಜೆ ಹೆಂಗಸರು ಮೂಗಿಗೆ ಸೆರಗು ಹಿಡಿದುಕೊಂಡೇ ಬಂದರು. "ಯಾರ ಕುರಿರಿ ಇವು, ಮನೆ ಮುಂದೇ ತಂದು ನಿಲ್ಸವ್ರಲ್ಲ?" ಎಂದು ಒಬ್ಬರು ಕೇಳಿದರು.

"ಯಾರವೋ ಏನೋ. ದಾರಿ ಮೇಲೆ ಹೋಗೋರು," ಅಂದೆ.

ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ರಸ್ತೆಯೊಂದೇ ನಡುವೆ ಇದ್ದದ್ದು. ನನ್ನನ್ನು ಕಂಡಿದ್ದರೂ, ಗಂಡನಿಗೆ ಹೆದರಿ ಹತ್ತಿರ ಬರಲಿಲ್ಲ ಅಂದುಕೊಂಡಿರಬೇಕು. ಬೆಳಗ್ಗೆ ಎದ್ದು ನೋಡಿದಾಗ ಸೈಟು ಖಾಲಿಯಾಗಿತ್ತು.

ರಾತ್ರಿ ತಡವಾಗಿ ಬಂದ ಗಂಡನಿಗೆ ಕತ್ತಲಲ್ಲಿ ಅದು ಯಾರ ಮಂದೆಯೆಂದು ತಿಳಿದಿರಲಿಲ್ಲ. ಬೆಳಗ್ಗೆ ನಾನೇ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು, "ನನ್ನ ಹೆಸ್ರು ಹೇಳಿದ್ಯಾ? ಹೋಗ್ಲಿ ಬಿಡು, ಭಾವ ಅಂದ್ಮೇಲೆ ಬೈಸ್ಕಳ್ಳಾಕೇ ಇರೋದು. ಸಿಟ್ಟು ಇಳಿದ ಮೇಲೆ ನಿಜ ಹೇಳ್ಬಿಡು," ಎಂದರು. ನಾನು ತಲೆಯಾಡಿಸಿದೆ.

ಆ ವರ್ಷ ಮುಂಗಾರು ಬಿದ್ದಾಗ ಎದುರಿನ ಖಾಲಿ ಸೈಟು ಎದ್ದು ನಿಂತಿತು. ಕುರಿ ನಿಂತಿದ್ದಷ್ಟು ಜಾಗದಲ್ಲಿ ಮಾತ್ರ ಮೊಣಕಾಲುದ್ದ ಕರಡ, ಬಿಳಿ ತುಂಬೆ, ಹಳದಿ ತಂಗಡಿ, ನಡುನಡುವೆ ಬಾರೆ, ಜಾಲಿಯ ಸಸಿ. ಚಿಟ್ಟೆಗಳು, ಗುಬ್ಬಿಗಳು, ಸಂಜೆಗೆ ಹುಲ್ಲಿನೊಳಗಿಂದ ಗೌಜಲ ಹಕ್ಕಿಯ ಕೂಗು. ನಮ್ಮ ಕಡೆ ಕುರಿ ಮೇಯುವ ಮಾಳವನ್ನೇ ಯಾರೋ ತಂದು ಹಾಸಿದ ಹಾಗಿತ್ತು. ನನಗೆಂದು ಬಂದದ್ದು ಯಾರದೋ ಸೈಟಿನಲ್ಲಿ ಬೆಳೆಯಿತು. ಅದಕ್ಕೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡು ನಾನು ನನ್ನ ಹುಲ್ಲಿಗೆ ನೀರು ಬಿಡುತ್ತಿದ್ದೆ. ಕೆಲವು ವರ್ಷದ ಮೇಲೆ ಟೀಚರಮ್ಮನವರು ಅಲ್ಲಿ ಮನೆ ಕಟ್ಟಿದರು. ಅವರ ದಾಸವಾಳ ಈಗಲೂ ಬೀದಿಯಲ್ಲಿ ಎಲ್ಲರದಕ್ಕಿಂತ ಚೆನ್ನಾಗಿ ಹೂ ಬಿಡುತ್ತದೆ. ನಿಮ್ಮದು ಒಳ್ಳೆಯ ಕೈ ಎಂದು ಎಲ್ಲರೂ ಅವರಿಗೆ ಹೇಳುತ್ತಾರೆ.

ತಮ್ಮ ನನ್ನ ಜೊತೆ ಮಾತು ಬಿಡಲಿಲ್ಲ. ಹೊಸದುರ್ಗದ ಕಡೆ ಒಂದು ಮದುವೆಯಲ್ಲಿ ಸಿಕ್ಕಾಗ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕುಳಿತ. "ನಿನ್ನ ತಪ್ಪೇನೈತಕ್ಕ? ಕಟ್ಟಿಕೊಂಡೋನ ಮಾತು ಮೀರಾಕಾಗ್ತೈತಾ?" ಎಂದು ತನ್ನ ಎಲೆಯ ಹೋಳಿಗೆಯನ್ನು ನನ್ನ ಎಲೆಗೆ ಹಾಕಿದ. ಬಾಗಿಲ ಹತ್ತಿರ ನಿಂತಿದ್ದ ನನ್ನ ಗಂಡ ಇವನನ್ನು ನೋಡಿ ನಕ್ಕರು. ಇವನು ಮುಖ ತಿರುಗಿಸಿದ. ನಾನು ಆ ಹೋಳಿಗೆ ತಿಂದೆ. ಹೇಳಿದರೆ ಗಂಡನ ಮೇಲಿನ ಸಿಟ್ಟು ನನ್ನ ಮೇಲೆ ತಿರುಗುತ್ತದೆ, ಇರುವ ಒಬ್ಬ ತಮ್ಮನೂ ಹೋಗುತ್ತಾನೆ ಎಂಬ ಭಯ. ಆ ಭಯದಲ್ಲೇ ವರ್ಷಗಳು ಹೋದವು.

ಗಂಡ ಕಾಯಿಲೆ ಬಿದ್ದು ಮಲಗಿದ್ದಾಗ ಒಂದು ಬೆಳಿಗ್ಗೆ ಕೇಳಿದರು. "ಇನ್ನಾದ್ರೂ ಹೇಳ್ಬಿಡೇ. ನಿನ್ನ ತಮ್ಮ ಬಂದು ಕುಂತ್ರೆ ನಾಲ್ಕು ಮಾತಾಡಾಣ ಅನ್ಸತೈತೆ."

"ನಾಳೆ ಫೋನ್ ಮಾಡ್ತೀನಿ," ಅಂದೆ. ಮರುದಿನವೂ ಹಾಗೇ ಅಂದೆ.

ಅವರನ್ನು ಮಣ್ಣು ಮಾಡುವಾಗ ತಮ್ಮ ಬಂದಿದ್ದ. ದೂರದಲ್ಲಿ ಬೇವಿನ ಮರದ ಕೆಳಗೆ ಕಂಬಳಿ ಹೊದ್ದು ನಿಂತಿದ್ದ. ಎಲ್ಲರೂ ಸಾಲಾಗಿ ಹೋಗಿ ಒಂದೊಂದು ಹಿಡಿ ಮಣ್ಣು ಹಾಕಿದರು. ಅವನು ಹಾಕಲಿಲ್ಲ. ನನ್ನ ಹತ್ತಿರ ಬಂದು ತಲೆಯ ಮೇಲೆ ಕೈಯಿಟ್ಟು, ಮನೆಗೆ ಬಾರದೆ ಅಲ್ಲಿಂದಲೇ ಹೊರಟುಹೋದ.

ಆಮೇಲೆ ಹುಲ್ಲಿನೊಂದಿಗೆ ನಾನೊಬ್ಬಳೇ ಉಳಿದೆ. ಮಾತಾಡದ ಮನೆಯಲ್ಲಿ ಬೆಳಗ್ಗೆ ಸಂಜೆ ನೀರಿನ ಪೈಪಿನ ಸದ್ದು ಮಾತ್ರ ಇರುತ್ತಿತ್ತು. ಅಕ್ಕಿಗೆ ಎಸರಿಟ್ಟು ಎಷ್ಟು ಅಕ್ಕಿ ಎಂದು ಯೋಚಿಸುತ್ತಾ ನಿಲ್ಲುತ್ತಿದ್ದೆ. ಬೋರು ಬತ್ತಿದ ದಿನ ಆ ಸದ್ದೂ ನಿಂತಿತು. ಒಂದು ವಾರ ಹುಲ್ಲು ಒಣಗುವುದನ್ನು ನೋಡುತ್ತಾ ಕೂತು, ಎದ್ದು ಗುದ್ದಲಿ ಹಿಡಿದೆ. ಅಂಗಳವನ್ನು ಕುರಿ ಮೇಯುವಂಥ ನೆಲ ಮಾಡಬೇಕು, ಮಾಡಿ ತಮ್ಮನನ್ನು ಕರೆಯಬೇಕು ಅನ್ನಿಸಿತು. ಹಾಗೆ ಕರೆದರೆ ಬಾಯಿಬಿಟ್ಟು ಹೇಳುವುದು ತಪ್ಪಬಹುದು ಎಂಬ ಆಸೆಯೂ ಒಳಗಿತ್ತು.

ಗುಡ್ಡದ ಬದಿಯಿಂದ ಬೀಜ ಆರಿಸಿ ತಂದೆ. ಜಾಲಿ, ಬಾರೆ, ತಂಗಡಿ, ಹುಲ್ಲಿನ ತೆನೆ. ಹದ ಮಾಡಿ ಬಿತ್ತಿ, ಉಳಿದ ಟ್ಯಾಂಕರ್ ನೀರು ಚಿಮುಕಿಸಿದೆ. ತಂಗಡಿ ಅಲ್ಲೊಂದು ಇಲ್ಲೊಂದು ಎದ್ದಿತು. ಬಾರೆ, ಜಾಲಿ ಏಳಲೇ ಇಲ್ಲ. ಮಣ್ಣು ಕೆದರಿ ನೋಡಿದರೆ ಬೀಜ ಹಾಕಿದ ಹಾಗೇ ಕಲ್ಲಿನಂತೆ ಬಿದ್ದಿದ್ದವು. ಆಗ ನನಗೇ ನಾಚಿಕೆಯಾಯಿತು. ಅಂಥ ಬೀಜ ಕುರಿಯ ಹೊಟ್ಟೆ ದಾಟಿ ಬಂದರೇ ಏಳುವುದು. ನಮ್ಮ ಹಟ್ಟಿಯ ಮಕ್ಕಳಿಗೆಲ್ಲ ಗೊತ್ತಿರುವ ಮಾತು. ಅವ್ವ ಬೇಲಿಗೆ ಗಿಡ ಬೇಕೆಂದರೆ ಬೀಜ ಹುಡುಕುತ್ತಿರಲಿಲ್ಲ, ಮಂದೆ ನಿಂತ ಜಾಗದ ಹಿಕ್ಕೆ ತಂದು ಸುರಿಯುತ್ತಿದ್ದಳು. ಲಾನಿಗೆ ನೀರು ಬಿಟ್ಟೂ ಬಿಟ್ಟೂ ಅದನ್ನೇ ಮರೆತಿದ್ದೆ. ಹಿಕ್ಕೆ ಬೇಕು. ಹಿಕ್ಕೆ ಯಾರ ಹತ್ತಿರವಾದರೂ ಸಿಗುತ್ತಿತ್ತು. ಆದರೆ ನಾನು ಅವನ ಹತ್ತಿರವೇ ಹೋದೆ.

ಬೇಸಿಗೆಯಲ್ಲಿ ಅವನ ಮಂದೆ ಭರಮಸಾಗರದ ಕೆರೆಯ ಹಿಂದಿನ ಹೊಲಗಳಲ್ಲಿ ಇರುತ್ತದೆ. ದಾವಣಗೆರೆ ಬಸ್ಸು ಹತ್ತಿ ಇಳಿದು, ಕೇಳುತ್ತಾ ನಡೆದೆ. ಅವನು ಒಂದು ಕುರಿಯ ಕಾಲನ್ನು ಮಡಿಲಲ್ಲಿಟ್ಟುಕೊಂಡು ಗೊರಸಿನ ಮುಳ್ಳು ತೆಗೆಯುತ್ತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಏನಕ್ಕ ಇಂಥ ಬಿಸ್ಲಾಗೆ! ಕುಂತ್ಕ, ಕುಂತ್ಕ."

"ಒಂದು ಚೀಲ ಹಿಕ್ಕೆ ಬೇಕಿತ್ತು ಕಣೋ."

"ಹಿಕ್ಕೆಗೆ ಬಸ್ ಚಾರ್ಜ್ ಕೊಟ್ಕಂಡು ಬಂದ್ಯಾ? ಫೋನ್ ಮಾಡಿದ್ರೆ ಕುರೀನೇ ಕಳಿಸ್ತಿದ್ನಲ್ಲ, ಬಂದು ಹಾಕಿ ಹೋಗ್ತಿತ್ತು!" ಎಂದು ನಕ್ಕ. ಚಿಕ್ಕವನಿದ್ದಾಗ ನಗುತ್ತಿದ್ದ ಹಾಗೇ.

"ಮನೆ ಮುಂದಿನ ಲಾನ್ ಕಿತ್ತೆ. ನಮ್ಮ ಕಡೆ ಗಿಡ ಹಾಕಾಣ ಅಂತ."

ಅವನ ಕೈ ನಿಂತಿತು. "ಭಾವ ಹೋದ್ಮೇಲೆ ಕಿತ್ತೆ ಅನ್ನು. ಇರೋಗಂಟ ಬಿಡ್ತಿದ್ನಾ ಆ ಮನುಷ್ಯ?"

ಬಸ್ಸಿನಲ್ಲಿ ಬರುವಾಗ ಹೇಳುವುದನ್ನೆಲ್ಲ ಜೋಡಿಸಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ.

"ಅವತ್ತು ಬ್ಯಾಡ ಅಂದಿದ್ದು ನಾನು ಕಣೋ. ನಿಮ್ಮ ಭಾವಗೆ ಗೊತ್ತೇ ಇರ್ಲಿಲ್ಲ, ಅಂಗಡೀಲಿದ್ರು. ನಾನು ಒಳಗೇ ಇದ್ದೆ. ಬೀಗ ಹಾಕಿದ್ದೂ ನಾನೇ."

ಅವನು ತಲೆ ಎತ್ತಲಿಲ್ಲ. ಮುಳ್ಳನ್ನು ಉಗುರಿನಿಂದ ಮೀಟಿ ತೆಗೆದು, ಗೊರಸನ್ನು ಒರೆಸಿ, ಕುರಿಯನ್ನು ಬಿಟ್ಟ. ಅದು ಎದ್ದು ಕುಂಟುತ್ತಾ ಮಂದೆಗೆ ಸೇರಿಕೊಂಡಿತು. ಅದನ್ನೇ ನೋಡುತ್ತಾ ಹೇಳಿದ:

"ಮಣ್ಣು ಹಾಕ್ಲಿಲ್ಲ ನಾನು. ಸತ್ತ ಮನುಷ್ಯಂಗೆ ಒಂದು ಹಿಡಿ ಮಣ್ಣು ಹಾಕ್ದಂಗೆ ಮಾಡಿದ್ಯಲ್ಲಕ್ಕ."

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವನು ಚೀಲ ತರಲು ಎದ್ದುಹೋಗಿದ್ದ.

ಹಿಕ್ಕೆಯನ್ನು ಅವನೇ ಬಳಿದು ತುಂಬಿದ. ಬಾಯಿ ಕಟ್ಟಿ, ಹೆಗಲ ಮೇಲೆ ಹೊತ್ತು, ರಸ್ತೆಯವರೆಗೂ ನನ್ನ ಮುಂದೆ ಮುಂದೆ ನಡೆದ. ಬಸ್ಸು ಬಂದಾಗ ಚೀಲವನ್ನು ಒಳಗೆ ಹತ್ತಿಸಿದ. ನಮ್ಮಲ್ಲಿ ಹಗೆಯವರನ್ನೂ "ಹೋಗ್ ಬಾ" ಎನ್ನದೆ ಕಳಿಸುವುದಿಲ್ಲ. ಅವನು ಏನೂ ಹೇಳಲಿಲ್ಲ. "ಚೀಲ್ದಾಗೆ ಏನಮ್ಮ, ಘಾಟು ಹೊಡೀತೈತಲ್ಲ?" ಎಂದು ಕಂಡಕ್ಟರ್ ಕೇಳಿದ. "ನಮ್ಮ ಕುರಿ ಹಿಕ್ಕೆ," ಅಂದೆ. ದುರ್ಗ ಬರುವವರೆಗೂ ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಮುಂಗಾರಿಗೆ ಮುಂಚೆ ಹಿಕ್ಕೆ ಹರಡಿದೆ. ಮಳೆ ಬಿದ್ದ ಮೇಲೆ ದಿನಕ್ಕೊಂದು ಎದ್ದು ಬಂತು. ಮೊದಲು ಹುಲ್ಲು, ಆಮೇಲೆ ತುಂಬೆ, ಆಮೇಲೆ ಎರಡೆಲೆಯ ಜಾಲಿ, ಬಾರೆ. ಬರುವಾಗ ಹೆಸರು ಹೇಳಿ ಕರೆಯುತ್ತಿದ್ದೆ. ಮಾತಾಡಲು ಬೇರೆ ಯಾರೂ ಇರಲಿಲ್ಲ. ದೀಪಾವಳಿಯ ಹೊತ್ತಿಗೆ ಕರಡ ಸೊಂಟದವರೆಗೆ ಬಂದಿತ್ತು. ತಮ್ಮನಿಗೆ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಗೇಟನ್ನು ಹಗಲೆಲ್ಲ ತೆರೆದಿಡುತ್ತಿದ್ದೆ. ಬೀದಿ ದನ ನುಗ್ಗಿದರೆ ಓಡಿಸುತ್ತಿದ್ದೆ, ಆದರೆ ಮುಚ್ಚುತ್ತಿರಲಿಲ್ಲ.

ಹಿಂಗಾರು ಮುಗಿದು ಮಂದೆಗಳು ಹೊರಡುವ ಕಾಲ. ಒಂದು ಸಂಜೆ ಗಂಟೆಯ ಸದ್ದು ಕೇಳಿ ಎದ್ದುಬಂದೆ. ಅವನು ಗೇಟಿನ ಹೊರಗೆ ನಿಂತಿದ್ದ. ಹಿಂದೆ ಬೀದಿ ತುಂಬ ಕುರಿ.

"ಬಾರೋ," ಅಂದೆ.

"ಭಾವನ ಫೋಟೋ ಎಲ್ಲೈತೆ?"

ಚಪ್ಪಲಿ ಬಿಟ್ಟು ಒಳಗೆ ಬಂದ. ನನ್ನನ್ನು ದಾಟಿಕೊಂಡು ನಡುಮನೆಗೆ ಹೋಗಿ ಫೋಟೋದ ಮುಂದೆ ನಿಂತ. ಎಷ್ಟು ಹೊತ್ತು ನಿಂತನೋ, ನಾನು ಬಾಗಿಲಲ್ಲೇ ಉಳಿದೆ. ಒಳಗೆ ಏನೋ ಮೆಲ್ಲಗೆ ಹೇಳಿದ್ದು ಕೇಳಿಸಿತು, ಮಾತು ತಿಳಿಯಲಿಲ್ಲ. ಹೊರಗೆ ಬಂದು, ನನ್ನ ಮುಖ ನೋಡದೆ, "ಆ ಮನುಷ್ಯನ ಮಣ್ಣಿಗೆ ನಮ್ಮ ಮಂದೆ ಬಾಕಿ ಐತೆ. ನಿಲ್ಲಿಸ್ತೀನಿ," ಅಂದ. ನಾಲಿಗೆ ಮಡಚಿ ಸಿಳ್ಳೆ ಹಾಕಿದ.

ಕುರಿಗಳು ಒಂದನ್ನೊಂದು ತಳ್ಳುತ್ತಾ ಗೇಟಿನಲ್ಲಿ ನುಗ್ಗಿದವು. ಅಂಗಳ ಹಿಡಿಯದೆ ವರಾಂಡದ ಮೆಟ್ಟಿಲವರೆಗೂ ನಿಂತವು. ಮಳೆಗಾಲವೆಲ್ಲ ಬೆಳೆಸಿದ್ದು ಕಣ್ಣೆದುರಿಗೇ ಕರಕರ ಸದ್ದಿನಲ್ಲಿ ಖಾಲಿಯಾಗತೊಡಗಿತು. ಟೀಚರಮ್ಮ ತಮ್ಮ ಗೇಟಿನಿಂದ ಓಡಿಬಂದರು.

"ಅಯ್ಯೋ, ಗಿಡ ಎಲ್ಲ ತಿಂತಾವಲ್ರಿ! ಯಾರ ಕುರಿ ಇವು?"

"ನಮ್ಮವು," ಅಂದೆ. "ಅವನು ನನ್ನ ತಮ್ಮ."

ಕಾಂಪೌಂಡಿನ ಹತ್ತಿರ ಕಂಬಳಿ ಹಾಸುತ್ತಿದ್ದ ಅವನಿಗೆ ಕೇಳಿಸಿರಬೇಕು. ತಿರುಗಿ ನೋಡಲಿಲ್ಲ. ಮುದ್ದೆ, ಹುರುಳಿ ಸಾರು ಮಾಡಿ ಕರೆದೆ. "ಬುತ್ತಿ ಐತೆ," ಎಂದು ಗಂಟು ಬಿಚ್ಚಿ ತನ್ನ ರೊಟ್ಟಿ ತಿಂದ. ನಾನು ಮೆಟ್ಟಿಲ ಮೇಲೆ ಕೂತೆ. ನಮ್ಮಿಬ್ಬರ ನಡುವೆ ಕುರಿಗಳಿದ್ದವು.

ಬೆಳಕು ಹರಿಯುವಾಗ ಮಂದೆ ಎಬ್ಬಿಸಿದ. "ಹೋಗ್ ಬಾ," ಅಂದೆ. "ಬರ್ತೀನಿ" ಅನ್ನಲಿಲ್ಲ. ಸಿಳ್ಳೆ ಹಾಕುತ್ತಾ ಮುಂದೆ ನಡೆದ. ಕೊನೆಯ ಮರಿ ಗೇಟು ದಾಟುವವರೆಗೂ ಅಲ್ಲೇ ನಿಂತಿದ್ದೆ.

ಈಗ ಅಂಗಳದಲ್ಲಿ ಉಳಿದಿರುವುದು ಕುರಿ ಬಾಯಿ ಹಾಕದ ತಂಗಡಿ ಮಾತ್ರ. ಹಳದಿ ಹೂ ಬಿಟ್ಟಿದೆ. ಉಳಿದದ್ದೆಲ್ಲ ಬರಿ ನೆಲ, ನೆಲದ ತುಂಬ ಹಿಕ್ಕೆ. ಮತ್ತೆ ಏನಾದರೂ ಏಳಬೇಕಾದರೆ ಮುಂಗಾರು ಬರಬೇಕು, ಅದು ಇನ್ನೂ ದೂರವಿದೆ. ಅವನು ತೀರಿಸಿದ್ದು ಭಾವನ ಬಾಕಿ. ನನ್ನ ಬಾಕಿ ಹಾಗೇ ಇದೆ, ಅದು ನನಗೆ ಗೊತ್ತು. ವಾಸನೆ ನಡುಮನೆಯವರೆಗೂ ಬಂದಿದೆ. ಕಿಟಕಿ ಹಾಕಿಕೊಳ್ಳಿ ಎಂದು ಟೀಚರಮ್ಮ ಹೇಳಿದರು. ನಾನು ಹಾಕಿಲ್ಲ.